ಟಿಪ್ಪರ್‌ಗಳಿಗೆ ಇಂಜಿನ್ ಆಯಿಲ್ ಟೆಸ್ಟ್: ಸಂಡೂರಿನ ಧೂಳಿನಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಸಂಡೂರಿನ ಗಣಿಗಳಿಂದ ತೋರಣಗಲ್ಲಿಗೆ ಕಬ್ಬಿಣದ ಅದಿರು ಹೊಡೆಯುವ ಟಿಪ್ಪರ್‌ಗಳು ನಮ್ಮವು. ಅವುಗಳ ಇಂಜಿನ್ ಆಯಿಲ್ ಅನ್ನು ಲ್ಯಾಬ್‌ಗೆ ಕಳಿಸಿ, ಅದರಲ್ಲಿ ಎಷ್ಟು ಲೋಹ, ಧೂಳು ಸೇರಿದೆ ಅಂತ ಪರೀಕ್ಷೆ ಮಾಡಿಸುವುದು ಈಗ ಕೆಲವು ವರ್ಷಗಳಿಂದ ನಡೆದಿದೆ. ಗಾಡಿ ಇಟ್ಟವರು ಸಿಕ್ಕಾಗಲೆಲ್ಲ ಕೇಳುತ್ತಾರೆ, ಅದರಿಂದ ನಿಜವಾಗಿ ಲಾಭ ಇದೆಯಾ ಅಂತ. ಇದೆ. ಆದರೆ ಈ ಟೆಸ್ಟ್ ಮಾರುವವರು ಹೇಳುವ ಕಡೆಯಿಂದ ನಮಗೆ ಲಾಭ ಬರಲಿಲ್ಲ.

ಅವರು ಮೊದಲು ಎತ್ತುವುದು ಆಯಿಲ್ ಉಳಿತಾಯದ ಮಾತು. ಟೆಸ್ಟ್ ಮಾಡಿಸಿದರೆ ಆಯಿಲ್ ಚೇಂಜ್ ಇನ್ನಷ್ಟು ಮುಂದಕ್ಕೆ ಹಾಕಬಹುದು ಅಂತಾರೆ. ಹೈವೇಯಲ್ಲಿ ಒಂದೇ ಹದದಲ್ಲಿ ಓಡುವ ಲಾಂಗ್ ರೂಟ್ ಲಾರಿಗೆ ಅದು ಆಗಬಹುದು. ನಮ್ಮ ಗಾಡಿಗಳಿಗೆ ಆಗಲಿಲ್ಲ. ಲೋಡಿಂಗ್ ಸಾಲಿನಲ್ಲಿ ಇಂಜಿನ್ ಆನ್ ಇಟ್ಟುಕೊಂಡೇ ನಿಂತಿರುತ್ತವೆ. ಮೀಟರ್‌ನಲ್ಲಿ ಕಿಲೋಮೀಟರ್ ಏರುವುದಿಲ್ಲ, ಆಯಿಲ್ ಮಾತ್ರ ದುಡಿಯುತ್ತಲೇ ಇರುತ್ತದೆ. ಹಾಗಾಗಿ ನಾವು ಕಿಲೋಮೀಟರ್ ಬಿಟ್ಟು ಇಂಜಿನ್ ಓಡಿದ ಗಂಟೆಯ ಲೆಕ್ಕಕ್ಕೆ ಬಂದೆವು. ವಾರಂಟಿಯಲ್ಲಿರುವ ಗಾಡಿಗೆ ಕಂಪನಿ ಹೇಳಿದ ಅವಧಿ ಯಾವ ಕಾರಣಕ್ಕೂ ದಾಟುವುದಿಲ್ಲ.

ದುಡ್ಡು ಉಳಿದದ್ದು ಧೂಳಿನ ವಿಷಯದಲ್ಲಿ. ರಿಪೋರ್ಟ್‌ನಲ್ಲಿ ಸಿಲಿಕಾನ್ ಅಂತ ಒಂದು ಸಾಲು ಇರುತ್ತದೆ. ಮಣ್ಣು, ಮರಳಿನಲ್ಲಿ ಇರುವುದು ಅದೇ. ಅದರ ಜೊತೆ ಅಲ್ಯೂಮಿನಿಯಂ ಕೂಡ ಏರಿದರೆ ಇಂಜಿನ್ ಧೂಳು ಕುಡಿಯುತ್ತಿದೆ ಅಂತ ಅನುಮಾನ ಪಡಬೇಕು. ಸಿಲಿಕಾನ್ ಒಂದೇ ಏರಿದರೆ ಅಷ್ಟು ಗಾಬರಿ ಬೇಡ. ಹೊಸದಾಗಿ ಹಚ್ಚಿದ ಗ್ಯಾಸ್ಕೆಟ್ ಪೇಸ್ಟ್‌ನಿಂದಲೂ ಅದು ಬರುತ್ತದೆ.

ನಮ್ಮ ಒಂದು ಗಾಡಿಯಲ್ಲಿ ಎರಡೂ ಏರಿದ್ದವು, ಹಿಂದೆಯೇ ಲೈನರ್, ರಿಂಗ್ ಸವೆತದ ಗುರುತಾದ ಕಬ್ಬಿಣ, ಕ್ರೋಮಿಯಂ ಕೂಡ. ಡ್ರೈವರ್‌ಗೆ ಯಾವ ದೂರೂ ಇರಲಿಲ್ಲ. ಪಿಕಪ್ ಚೆನ್ನಾಗಿತ್ತು, ಹೊಗೆ ಇರಲಿಲ್ಲ, ಆಯಿಲ್ ಕುಡಿಯುತ್ತಿರಲಿಲ್ಲ. ಏರ್ ಫಿಲ್ಟರ್ ಕೂಡ ಹೊಸದೇ. ಕೊನೆಗೆ ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸ್ ಬಿಚ್ಚಿ ನೋಡಿದರೆ ಕೆಳಗಡೆ, ಕಣ್ಣಿಗೆ ಕಾಣದ ಜಾಗದಲ್ಲಿ, ಸೀಳು ಬಿಟ್ಟಿತ್ತು. ಹೋಸ್, ಕ್ಲಿಪ್ ಬದಲಾಯಿಸಿ ಆಯಿಲ್ ಚೇಂಜ್ ಮಾಡಿದೆವು. ಮುಂದಿನ ಸ್ಯಾಂಪಲ್‌ನಲ್ಲಿ ಎಲ್ಲವೂ ಇಳಿದವು. ಹಾಗೇ ಓಡಿಸಿದ್ದರೆ ಲೈನರ್, ಪಿಸ್ಟನ್, ರಿಂಗ್ ಎಲ್ಲಾ ಸವೆದು ಇಂಜಿನ್ ಇಳಿಸಬೇಕಾಗುತ್ತಿತ್ತು. ಗಾಡಿ ಗ್ಯಾರೇಜಲ್ಲಿ ನಿಂತ ದಿನಗಳ ಬಾಡಿಗೆ ನಷ್ಟ ಬೇರೆ.

ಅದಾದ ಮೇಲೆ ಏರ್ ಫಿಲ್ಟರ್‌ಗೆ ಕಂಪ್ರೆಸರ್ ಗಾಳಿ ಹೊಡೆದು ಮತ್ತೆ ಹಾಕುವುದನ್ನು ಪೂರ್ತಿ ನಿಲ್ಲಿಸಿದೆವು. ಜೋರು ಗಾಳಿಗೆ ಪೇಪರ್ ಎಲಿಮೆಂಟ್ ತೂತು ಬೀಳುತ್ತದೆ. ಹೊರಗಿಂದ ಸ್ವಚ್ಛವಾಗಿ ಕಾಣುತ್ತದೆ, ಧೂಳು ಸಲೀಸಾಗಿ ಒಳಗೆ ಹೋಗುತ್ತದೆ.

ನಮ್ಮ ಭಾಗದವರು ಇನ್ನೊಂದು ಮಾತು ಗಮನಿಸಬೇಕು. ಇಲ್ಲಿನ ಕೆಂಪು ಧೂಳೇ ಕಬ್ಬಿಣ. ಅದು ಒಳಗೆ ಹೋದರೂ ರಿಪೋರ್ಟ್‌ನಲ್ಲಿ ಕಬ್ಬಿಣ ಏರುತ್ತದೆ, ಲೈನರ್ ಸವೆದರೂ ಏರುತ್ತದೆ. ಹಾಗಾಗಿ ಕಬ್ಬಿಣದ ಅಂಕಿ ಒಂದನ್ನೇ ಹಿಡಿದು ತೀರ್ಮಾನ ಮಾಡಬಾರದು. ಕ್ರೋಮಿಯಂ ಏನಾಗಿದೆ, ಸಿಲಿಕಾನ್ ಏನಾಗಿದೆ, ಹಿಂದಿನ ಸಲ ಎಷ್ಟಿತ್ತು, ಎಲ್ಲಾ ಒಟ್ಟಿಗೆ ನೋಡಬೇಕು. ತಾಮ್ರದ್ದೂ ಹೀಗೇ. ಹೊಸ ಇಂಜಿನ್‌ನಲ್ಲಿ ತಾಮ್ರ ಒಂದೇ ಜಾಸ್ತಿ ಬಂದರೆ ಅದು ಆಯಿಲ್ ಕೂಲರ್‌ನಿಂದ ಬಿಟ್ಟದ್ದಿರಬಹುದು, ಕಾಲ ಹೋದಂತೆ ತಾನೇ ಇಳಿಯುತ್ತದೆ. ತಾಮ್ರದ ಜೊತೆ ಸೀಸ, ತವರ ಕೂಡ ಏರಿದರೆ ಬೇರಿಂಗ್ ಕಡೆ ನೋಡಲೇಬೇಕು.

ನಮ್ಮ ಮೇಸ್ತ್ರಿ ಮೊದಮೊದಲು ಇದನ್ನು ಒಪ್ಪಲಿಲ್ಲ. ಬೆರಳಲ್ಲಿ ತಿಕ್ಕಿ, ಮೂಸಿ ಹೇಳುವ ಅನುಭವ ಅವರದು, ಅದಕ್ಕೆ ಬೆಲೆ ಇದೆ. ಆದರೆ ಡೀಸೆಲ್ ಇಂಜಿನ್ ಆಯಿಲ್ ಬೇಗ ಕಪ್ಪಾಗುವುದು ಸಹಜ, ಅದು ಮಸಿಯನ್ನು ಹಿಡಿದಿಟ್ಟುಕೊಳ್ಳುವ ರೀತಿಯೇ ಹಾಗೆ. ಬಣ್ಣ ನೋಡಿ ಆಯಿಲ್ ಕೆಟ್ಟಿದೆ ಅನ್ನಲಾಗದು. ಅಮೆರಿಕದ ಡೆನ್ವರ್ ಅಂಡ್ ರಿಯೋ ಗ್ರಾಂಡೆ ರೈಲು ಕಂಪನಿ 1946ರಲ್ಲೇ ಡೀಸೆಲ್ ಇಂಜಿನ್‌ಗಳ ಆಯಿಲ್‌ನಲ್ಲಿ ಲೋಹ ಅಳೆಯುತ್ತಿತ್ತು. ನಮ್ಮ ರೈಲ್ವೆ ಡೀಸೆಲ್ ಶೆಡ್‌ಗಳಲ್ಲೂ ಈ ಪರೀಕ್ಷೆ ಇದೆ ಅಂತ ತಿಳಿದ ಮೇಲೆ ಮೇಸ್ತ್ರಿಗೆ ಆಸಕ್ತಿ ಬಂತು. ಈಗ ರಿಪೋರ್ಟ್ ಬಂದ ತಕ್ಷಣ ಕೇಳುವವರು ಅವರೇ.

ಉಳಿದ ಅಂಕಿಗಳನ್ನು ಓದುವುದು ಅಷ್ಟು ಕಷ್ಟವಿಲ್ಲ. 15ಡಬ್ಲ್ಯೂ-40 ಆಯಿಲ್‌ನ ಸ್ನಿಗ್ಧತೆ 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ ಒಳಗೆ ಇರಬೇಕು. ತೆಳ್ಳಗಾಗಿದ್ದರೆ ಡೀಸೆಲ್ ಬೆರೆತಿರಬಹುದು, ಇಂಜೆಕ್ಟರ್ ನೋಡಿ. ದಪ್ಪ ಆಗಿದ್ದರೆ ಮಸಿ ಜಾಸ್ತಿ, ಇಲ್ಲವೇ ಆಯಿಲ್ ಸುಟ್ಟಿದೆ. ಸೋಡಿಯಂ, ಪೊಟ್ಯಾಸಿಯಂ ಏರಿದರೆ ಕೂಲೆಂಟ್ ಸೋರಿಕೆಯ ಅನುಮಾನ. ಟಿಬಿಎನ್, ಅಂದರೆ ಆಮ್ಲವನ್ನು ತಡೆಯಲು ಆಯಿಲ್‌ನಲ್ಲಿ ಉಳಿದಿರುವ ಶಕ್ತಿ, ಹೊಸ ಆಯಿಲ್‌ನ ಅರ್ಧಕ್ಕೆ ಇಳಿದರೆ ನಾವು ಬದಲಾಯಿಸುತ್ತೇವೆ. ಬಿಎಸ್6 ಗಾಡಿಗಳಲ್ಲಿ ಡೀಸೆಲ್ ಬೆರಕೆಯನ್ನು ವಿಶೇಷವಾಗಿ ನೋಡಬೇಕು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಒಳಗಿನ ಮಸಿ ಸುಡಲು ಸಿಲಿಂಡರ್ ಒಳಗೇ ಹೆಚ್ಚು ಡೀಸೆಲ್ ಬಿಡುವ ಇಂಜಿನ್‌ಗಳಲ್ಲಿ, ಆ ಕೆಲಸ ಪದೇ ಪದೇ ಅರ್ಧಕ್ಕೆ ನಿಂತರೆ, ಡೀಸೆಲ್ ಸಂಪ್‌ಗೆ, ಅಂದರೆ ಇಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ, ಇಳಿಯುತ್ತದೆ.

ಸ್ಯಾಂಪಲ್ ತೆಗೆಯುವ ರೀತಿ ಸರಿ ಇಲ್ಲದಿದ್ದರೆ ಈ ಇಡೀ ಖರ್ಚು ದಂಡ. ಗಾಡಿ ಓಡಿ ಬಂದು ಆಯಿಲ್ ಬಿಸಿ ಇರುವಾಗಲೇ ತೆಗೆಯಬೇಕು. ಡ್ರೈನ್ ಪ್ಲಗ್ ಬಿಚ್ಚಿದರೆ ಮೊದಲು ಬೀಳುವುದನ್ನೂ ಕೊನೆಯದನ್ನೂ ಹಿಡಿಯಬಾರದು, ನಡುವಿನ ಧಾರೆಗೆ ಬಾಟಲಿ ಒಡ್ಡಬೇಕು. ನಾವು ಈಗ ಡಿಪ್ ಸ್ಟಿಕ್ ಕೊಳವೆಯಿಂದ ಕೈಪಂಪಿನಲ್ಲಿ ಎಳೆಯುತ್ತೇವೆ, ಪ್ರತಿ ಗಾಡಿಗೂ ಹೊಸ ಪೈಪ್. ಬಾಟಲಿಯ ಮುಚ್ಚಳ ಯಾರ್ಡ್‌ನಲ್ಲಿ ತೆರೆದಿಟ್ಟರೆ ಸಾಕು, ಸಿಲಿಕಾನ್ ಅಲ್ಲೇ ಸೇರಿತು. ನಡುವೆ ಎಷ್ಟು ಲೀಟರ್ ಟಾಪ್ ಅಪ್ ಮಾಡಿದ್ದೀರಿ ಅಂತ ಚೀಟಿಯಲ್ಲಿ ಬರೆಯಲೇಬೇಕು. ಹೊಸ ಆಯಿಲ್ ಬೆರೆತರೆ ಲೋಹದ ಅಂಕಿ ಸುಮ್ನೆ ಕಡಿಮೆ ಕಾಣುತ್ತದೆ. ಡಬ್ಬದಿಂದ ತೆಗೆದ ಹೊಸ ಆಯಿಲ್‌ನ ಒಂದು ಸ್ಯಾಂಪಲ್ ಕೂಡ ಕಳಿಸಿ. ಹೋಲಿಸಲು ಅದು ಬೇಕು. ಅದರ ಕ್ಯಾಲ್ಸಿಯಂ, ಸತು, ರಂಜಕ ಗೊತ್ತಿದ್ದರೆ ಮುಂದೆ ಡುಪ್ಲಿಕೇಟ್ ಆಯಿಲ್ ಬಂದಾಗಲೂ ಗೊತ್ತಾಗುತ್ತದೆ.

ಇನ್ನು ಬೇಸರದ ವಿಷಯ. ನಾವು ಮೊದಲು ಹಿಡಿದ ಲ್ಯಾಬ್‌ನಿಂದ ರಿಪೋರ್ಟ್ ಬರುವಷ್ಟರಲ್ಲಿ ಗಾಡಿ ಎಷ್ಟೋ ಲೋಡ್ ಹೊಡೆದಾಗಿರುತ್ತಿತ್ತು. ಷರಾ ಜಾಗದಲ್ಲಿ ಯಾವಾಗಲೂ ಅದೇ ಒಂದು ಸಾಲು, ನಾರ್ಮಲ್ ಅಂತ. ದುಡ್ಡು ಕೊಟ್ಟವನಿಗೆ ಇದು ಮಾಡುವ ಅನ್ಯಾಯ. ಲ್ಯಾಬ್ ಬದಲಾಯಿಸಿದ ಮೇಲೆ ಫೋನಿನಲ್ಲಿ ವಿವರಿಸುವವರು ಸಿಕ್ಕರು, ಹಿಂದಿನ ಅಂಕಿಗಳನ್ನು ಪಕ್ಕದಲ್ಲೇ ಹಾಕಿ ಕೊಡುತ್ತಾರೆ. ಲ್ಯಾಬ್‌ನಲ್ಲಿ ಲೋಹ ಅಳೆಯುವ ಸಾಮಾನ್ಯ ಯಂತ್ರಕ್ಕೆ ಕೆಲವೇ ಮೈಕ್ರಾನ್ ಗಾತ್ರದ ಕಣ ಮಾತ್ರ ಚೆನ್ನಾಗಿ ಕಾಣುತ್ತದೆ. ದೊಡ್ಡ ಚೂರುಗಳು ಉದುರುತ್ತಿದ್ದರೂ ರಿಪೋರ್ಟ್ ಚೆನ್ನಾಗಿಯೇ ಬರಬಹುದು. ಆದ್ದರಿಂದ ಕಬ್ಬಿಣದ ದೊಡ್ಡ ಚೂರುಗಳನ್ನೂ ಅಯಸ್ಕಾಂತದ ಗುಣದಿಂದ ಹಿಡಿಯುವ ಪಿಕ್ಯೂ ಇಂಡೆಕ್ಸ್ ಕೂಡ ಕೊಡುತ್ತಾರಾ ಅಂತ ಕೇಳಿ. ಹಳೆ ಆಯಿಲ್ ಫಿಲ್ಟರ್ ಕತ್ತರಿಸಿ ನೋಡುವ ಅಭ್ಯಾಸ ಬಿಡಬೇಡಿ.

ಒಂದೆರಡು ಲಾರಿ ಇರುವವರು ಪ್ರತಿ ಚೇಂಜ್‌ಗೂ ಟೆಸ್ಟ್ ಮಾಡಿಸಬೇಕು ಅಂತ ನಾನು ಹೇಳುವುದಿಲ್ಲ. ಫಿಲ್ಟರ್ ಪೇಪರ್ ಮೇಲೆ ಒಂದು ಹನಿ ಬಿಟ್ಟು ಮಸಿ ಹರಡುವುದನ್ನು ನೋಡಬಹುದು. ಬಿಸಿ ತಟ್ಟೆಗೆ ಒಂದು ಹನಿ ಹಾಕಿದಾಗ ಚಟಪಟ ಅಂದರೆ ನೀರಿದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಈ ಟೆಸ್ಟ್ ನೆಚ್ಚಿಕೊಳ್ಳಬೇಡಿ. ಮಾರುವವರು ಆಯಿಲ್ ಆಗಲೇ ಬದಲಾಯಿಸಿರುತ್ತಾರೆ ಅಲ್ವಾ? ಗಾಡಿ ಜಾಸ್ತಿ ಇದ್ದು, ಧೂಳಿನಲ್ಲಿ ದುಡಿಯುವುದಾದರೆ ಮಾತ್ರ ಖಂಡಿತ ಮಾಡಿಸಿ. ಒಂದು ಸ್ಯಾಂಪಲ್‌ನ ಖರ್ಚು ನಮ್ಮ ಒಂದು ಆಯಿಲ್ ಚೇಂಜ್‌ಗಿಂತ ಕಡಿಮೆ. ಈ ವರ್ಷದಿಂದ ಗೇರ್ ಬಾಕ್ಸ್, ಹೌಸಿಂಗ್ (ಹಿಂದಿನ ಆಕ್ಸಲ್) ಆಯಿಲ್ ಕೂಡ ಕಳಿಸಲು ಶುರು ಮಾಡಿದ್ದೇವೆ.