ಐವತ್ತರ ಹುಟ್ಟುಹಬ್ಬ: ದಾವಣಗೆರೆಯ ಪಾರ್ಟಿ ಹಾಲೋ, ದುರ್ಗದ ಕೋಟೆಯೋ?

ಒಂದೇ ವರ್ಷದೊಳಗೆ ನಮ್ಮ ಮನೆಗೆ ಎರಡು ಐವತ್ತು ಬಂದವು. ಮೊದಲು ಯಜಮಾನರದ್ದು, ಏಳು ತಿಂಗಳಿಗೆ ನನ್ನದು. "ಅರವತ್ತಕ್ಕೆ ಷಷ್ಟಿಪೂರ್ತಿ ಮಾಡ್ತಾರೆ, ಐವತ್ತಕ್ಕೆ ಎಂಥದ್ದು?" ಅಂತ ಅಮ್ಮ ಗೊಣಗಿದರು. ಯಾರೂ ಕೇಳಲಿಲ್ಲ.

ಯಜಮಾನರದ್ದು ದಾವಣಗೆರೆಯಲ್ಲೇ, ಒಂದು ಪಾರ್ಟಿ ಹಾಲ್‌ನಲ್ಲಿ. ಕಡಿಮೆ ಅಂದರೂ 60 ಊಟಕ್ಕೆ ದುಡ್ಡು ಕಟ್ಟಬೇಕು ಅಂದರು. ಬಂದವರು 43 ಜನ. ಊಟಕ್ಕೆ 380 ರೂಪಾಯಿ. ಉಳಿದ ಹದಿನೇಳು ಊಟ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ. ಕೇಕು, ಅಲಂಕಾರ ಎಲ್ಲ ಸೇರಿ 31,000 ದಾಟಿತು. ಗೋಡೆಗೆ ಬಂಗಾರದ ಬಣ್ಣದ 5, 0 ಬಲೂನ್ ಅಂಟಿಸಿದ್ದರು. ಕೇಕ್ ಕತ್ತರಿಸುವ ಹೊತ್ತಿಗೆ 5ರ ಗಾಳಿ ಹೋಗಿ ಜೋತು ಬಿದ್ದಿತ್ತು. ಎಲ್ಲ ಫೋಟೊದಲ್ಲೂ ಯಜಮಾನರ ತಲೆ ಮೇಲೆ ಬರೀ ಸೊನ್ನೆ. ಹಾಡಿನ ಅಬ್ಬರಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳಲಿಲ್ಲ. ಆದರೆ ಮಂಡಿನೋವಿನವರೆಲ್ಲ ಲಿಫ್ಟ್ ಹತ್ತಿ ಬಂದು ಆರಾಮಾಗಿ ಕೂತರು. ನಾನು ಒಂದು ಲೋಟ ತೊಳೆಯಲಿಲ್ಲ. ಅದನ್ನೂ ಹೇಳಬೇಕಲ್ವಾ.

ನನ್ನದಕ್ಕೆ ಹಾಲ್ ಬೇಡವೇ ಬೇಡ ಅಂದೆ. ಜನವರಿಯ ಒಂದು ಭಾನುವಾರ, ಎರಡು ಕಾರು, ಹನ್ನೊಂದು ಜನ. ಬೆಣ್ಣೆ ದೋಸೆ ತಿಂದು ಹೊರಟರೆ ಚಿತ್ರದುರ್ಗ ಸುಮಾರು 60 ಕಿಲೋಮೀಟರ್. ಆದರೆ ದೋಸೆ ತಿಂದು ಕೋಟೆ ಹತ್ತಬೇಡಿ. ಎರಡನೇ ಬಾಗಿಲಿಗೇ ಬೆಣ್ಣೆ ಲೆಕ್ಕ ಕೇಳುತ್ತೆ.

ಓಬವ್ವನ ಕಿಂಡಿಯಲ್ಲಿ ಒಬ್ಬೊಬ್ಬರೇ ನುಸುಳಬೇಕು. ಭಾವ ಹೊಟ್ಟೆ ಎಳೆದುಕೊಂಡು ಅಡ್ಡ ತಿರುಗಿದರು. ಈಚೆ ಕಡೆ ನಮ್ಮ ಚಿಕ್ಕವಳು ನೀರಿನ ಬಾಟ್ಲಿಯನ್ನೇ ಒನಕೆ ಮಾಡಿಕೊಂಡು ಕಾಯುತ್ತಿದ್ದಳು. ತಲೆ ಕಂಡಿದ್ದೇ ತಡ, ಟಪ್! "ಹೈದರಾಲಿ ಸೈನಿಕರ ಪಾಡು ಈಗ ಗೊತ್ತಾಯ್ತು" ಅಂತ ಭಾವ ತಲೆ ಸವರಿಕೊಂಡರು. "ಕೊನೆಗೆ 1779ರಲ್ಲಿ ಕೋಟೆ ಗೆದ್ದಿದ್ದು ಅವನೇ, ಬಿಡಿ" ಅಂತ ಮಗ ಸಮಾಧಾನ ಹೇಳಿದ. ಹಾಲ್‌ನಲ್ಲಿ ಮೂಲೆ ಹಿಡಿದು ಮೊಬೈಲ್ ನೋಡುತ್ತಿದ್ದ ಭಾವ ಇವರೇನಾ ಅನ್ನಿಸಿತು.

ಗೋಪಾಲಸ್ವಾಮಿ ಹೊಂಡದ ಹತ್ತಿರ ನೆರಳಲ್ಲಿ ಸುಮ್ನೆ ಕೂತೆವು. ಎಂಟನೇ ಕ್ಲಾಸಿನ ಪ್ರವಾಸದಲ್ಲಿ ಇಲ್ಲೇ ಬಂಡೆ ಹಿಂದೆ ಅಡಗಿ ಕೂತು ಮೇಷ್ಟ್ರನ್ನು ಅಳಿಸಿದ್ದನ್ನು ಯಜಮಾನರು ಹೇಳಿದರು. ಮದುವೆಯಾಗಿ 26 ವರ್ಷ, ನನಗೆ ಈ ಕಥೆ ಗೊತ್ತೇ ಇರಲಿಲ್ಲ. ಕೇಕ್ ಇರಲಿಲ್ಲ, ಯಾರೂ ಕೇಳಲೂ ಇಲ್ಲ. ಡೀಸೆಲ್, ಊಟ ಸೇರಿ ಖರ್ಚು 5,200.

ಕೊರತೆ ಅಂದರೆ ಅಮ್ಮ. ಮೊದಲ ಬಾಗಿಲ ಹತ್ತಿರವೇ ಅತ್ತಿಗೆ ಜೊತೆ ಕಲ್ಲಿನ ಮೇಲೆ ಕೂತುಬಿಟ್ಟರು. ನಾನು ಮೇಲೆ ಹೋದರೂ ಮನಸ್ಸು ಕೆಳಗೇ. ಈ ಒಂದು ವಿಷಯಕ್ಕೆ ಹಾಲೇ ಮೇಲು. ಇಳಿದು ಬಂದು ನೋಡಿದರೆ ಮಂಡಕ್ಕಿ ಪೊಟ್ಟಣ ಅರ್ಧ ಖಾಲಿ. "ಇಷ್ಟು ಬೇಗ ಬಂದ್ರಾ?" ಅಂದರು.

ಮುಂದಿನ ವರ್ಷ ತಂಗಿಗೆ ಐವತ್ತು. ಕುಂದವಾಡದ ಗಾಜಿನ ಮನೆಗೆ ಹೋಗೋಣ, ಅಮ್ಮನೂ ನಡೀಬಹುದು ಅಂದೆ. ಅವಳಿಗೆ ಹಾಲೇ ಬೇಕಂತೆ. ಹಾಗಿದ್ದರೆ ಊಟ 40ಕ್ಕೆ ಮಾತ್ರ ಹೇಳು, ಬಲೂನ್ ಬೇಡ ಅಂದಿದ್ದೇನೆ.