ಹೋಕುನ್ ಎಂಬ ಹೆಸರಿನ ಜಾಡಿನಲ್ಲಿ: ನಾರ್ವೆಯ ಸರ್ಕಾರಿ ಹೆಸರು ಹುಡುಕಾಟ ಸೇವೆಯ ಪರಿಶೀಲನೆ

ನಾರ್ವೆಯ ಸರ್ಕಾರಿ ಅಂಕಿಅಂಶ ಸಂಸ್ಥೆಯಾದ ಸ್ಟಾಟಿಸ್ಟಿಸ್ಕ್ ಸೆಂಟ್ರಾಲ್‌ಬ್ಯುರೋ 1876ರಲ್ಲಿ ಸ್ಥಾಪನೆಯಾದದ್ದು. ಜನಸಂಖ್ಯೆ, ಬೆಲೆಯೇರಿಕೆ, ಮೀನುಗಾರಿಕೆ ಮುಂತಾದ ಗಂಭೀರ ವಿಷಯಗಳ ಲೆಕ್ಕವನ್ನಿಡುವ ಈ ಸಂಸ್ಥೆಯ ಜಾಲತಾಣದಲ್ಲಿ ಹೆಸರುಗಳಿಗೆಂದೇ ಒಂದು ವಿಭಾಗವಿದೆ. ಯಾವುದೇ ಹೆಸರನ್ನು ಅಲ್ಲಿ ಬರೆದು ಹುಡುಕಿದರೆ ಆ ಹೆಸರಿನವರು ದೇಶದಲ್ಲಿ ಎಷ್ಟು ಮಂದಿ ಇದ್ದಾರೆ ಎಂಬ ಉತ್ತರ ಕೂಡಲೇ ಬರುತ್ತದೆ. ಹಣ ಕೊಡಬೇಕಾಗಿಲ್ಲ, ಖಾತೆ ತೆರೆಯಬೇಕಾಗಿಲ್ಲ, ಇಂಗ್ಲಿಷ್ ಪುಟವೂ ಇದೆ. ಹೆಸರುಗಳ ಇತಿಹಾಸದಲ್ಲಿ ಆಸಕ್ತಿಯುಳ್ಳವರಿಗೆ ಇದಕ್ಕಿಂತ ನಂಬಿಕೆಗೆ ಅರ್ಹವಾದ ಆರಂಭದ ಜಾಗವನ್ನು ನಾನು ಕಂಡಿಲ್ಲ. ಆದರೆ ಇದು ಆರಂಭ ಮಾತ್ರ ಎಂಬುದನ್ನು ಮೊದಲೇ ತಿಳಿದುಕೊಂಡು ಬಳಸುವುದು ಒಳ್ಳೆಯದು. ಈ ಸೇವೆಯ ಬಲವನ್ನೂ ಮಿತಿಯನ್ನೂ ಅರಿಯಲು ನಾನು ಆರಿಸಿಕೊಂಡ ಹೆಸರು ನಾರ್ವೆಯ ಏಳು ರಾಜರು ಹೊತ್ತಿದ್ದ ಹೋಕುನ್.

ಮೊದಲ ತೊಡಕು ಬರವಣಿಗೆಯದು. ಇಂಗ್ಲಿಷ್ ಅಕ್ಷರಗಳಲ್ಲಿ ಈ ಹೆಸರನ್ನು ಕಂಡರೆ ನಾವು ಹಾಕನ್ ಎಂದು ಓದಿಬಿಡುತ್ತೇವೆ. ನಾರ್ವೆಯವರ ಬಾಯಲ್ಲಿ ಮೊದಲ ಸ್ವರ ನಮ್ಮ ಓಕಾರಕ್ಕೆ ಹತ್ತಿರವಾಗಿದೆ. ಆ ಸ್ವರವನ್ನು ಹಿಂದೆ ಎರಡು ಎ ಅಕ್ಷರಗಳನ್ನು ಜೋಡಿಸಿ ಬರೆಯುತ್ತಿದ್ದರು. 1917ರ ಕಾಗುಣಿತ ಸುಧಾರಣೆಯಲ್ಲಿ ಅದರ ಬದಲಿಗೆ ತಲೆಯ ಮೇಲೆ ಸಣ್ಣ ಸೊನ್ನೆಯುಳ್ಳ ಎ ಬಂತು. ಹೆಸರುಗಳಲ್ಲಿ ಮಾತ್ರ ಎರಡು ರೂಪಗಳೂ ಉಳಿದುಕೊಂಡಿವೆ, ರಾಜಮನೆತನದವರು ಇಂದಿಗೂ ಹಳೆಯ ರೂಪದಲ್ಲಿಯೇ ಬರೆಯುತ್ತಾರೆ. ಆದ್ದರಿಂದ ಎರಡೂ ರೂಪಗಳನ್ನು ಬೇರೆ ಬೇರೆಯಾಗಿ ಹಾಕಿ ನೋಡಬೇಕು. ಮೊಬೈಲಿನಲ್ಲಿ ಎ ಅಕ್ಷರವನ್ನು ಒತ್ತಿ ಹಿಡಿದರೆ ಸೊನ್ನೆಯ ಎ ಸಿಗುತ್ತದೆ. ಪ್ರತಿ ವರ್ಷ ಜನವರಿಯಲ್ಲಿ ಪ್ರಕಟವಾಗುವ ಜನಪ್ರಿಯ ಹೆಸರುಗಳ ಪಟ್ಟಿಯಲ್ಲಿ ಮಾತ್ರ ಒಂದೇ ಹೆಸರಿನ ಬೇರೆ ಬೇರೆ ಬರಹಗಳನ್ನು ಕೂಡಿಸಿ ಎಣಿಸುತ್ತಾರೆ.

ಲೆಕ್ಕದ ಆಧಾರ ದೇಶದ ಜನಸಂಖ್ಯಾ ನೋಂದಣಿ, ಅಂದರೆ ಸಮೀಕ್ಷೆಯ ಅಂದಾಜಲ್ಲ, ದಾಖಲೆಯಲ್ಲಿರುವ ಜನರ ಎಣಿಕೆ. ಹೋಕುನ್ ಸಾವಿರಾರು ಮಂದಿಗೆ ಇರುವ ಹೆಸರು. ಸಂಖ್ಯೆ ವರ್ಷವರ್ಷವೂ ಬದಲಾಗುವುದರಿಂದ ಅದನ್ನು ಇಲ್ಲಿ ನಕಲು ಮಾಡುವುದಿಲ್ಲ, ಓದುಗರು ತಾವೇ ನೋಡಿಕೊಳ್ಳುವುದು ಲೇಸು. ನನಗೆ ವಿಶೇಷವಾಗಿ ಹಿಡಿಸಿದ್ದು ಅಪರೂಪದ ಹೆಸರುಗಳ ಬಗ್ಗೆ ಸಂಸ್ಥೆ ತೋರುವ ಎಚ್ಚರ. ಒಂದು ಹೆಸರಿನವರು ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಿಖರ ಸಂಖ್ಯೆಯನ್ನು ತಾಣ ಹೇಳುವುದೇ ಇಲ್ಲ, ಏಕೆಂದರೆ ಅಲ್ಲಿಗೆ ಅದು ಅಂಕಿಅಂಶವಾಗಿ ಉಳಿಯದೆ ಒಬ್ಬ ವ್ಯಕ್ತಿಯ ಗುರುತಾಗಿಬಿಡುತ್ತದೆ. ಮಾಹಿತಿಯನ್ನು ಹಂಚುವ ಉತ್ಸಾಹದಲ್ಲಿ ಜನರ ಖಾಸಗಿತನವನ್ನು ಮರೆಯುವ ತಾಣಗಳೇ ಹೆಚ್ಚಾಗಿರುವಾಗ ಈ ಸಂಯಮ ಮೆಚ್ಚತಕ್ಕದ್ದು.

ಸಾಕಷ್ಟು ಬಳಕೆಯಲ್ಲಿರುವ ಹೆಸರುಗಳಿಗೆ 1880ರಿಂದ ಈಚೆಗಿನ ಒಂದು ರೇಖಾಚಿತ್ರವೂ ಇದೆ. ಆಯಾ ವರ್ಷ ಹುಟ್ಟಿದವರಲ್ಲಿ ಆ ಹೆಸರಿನ ಪಾಲು ಎಷ್ಟು ಎಂಬುದನ್ನು ಅದು ತೋರಿಸುತ್ತದೆ. ಇಡೀ ಸೇವೆಯಲ್ಲಿ ಅತ್ಯಂತ ಬೆಲೆಬಾಳುವ ಭಾಗ ಇದೇ. ಹೋಕುನ್ ಹೆಸರಿನ ಚಿತ್ರವನ್ನು ತೆರೆದವರು 1905, 1945, 1973 ಈ ಮೂರು ವರ್ಷಗಳ ಆಸುಪಾಸನ್ನು ನಿಧಾನವಾಗಿ ನೋಡಬೇಕು. ಏಕೆ ಎಂಬುದು ಮುಂದೆ ಗೊತ್ತಾಗುತ್ತದೆ. ಆದರೆ ರೇಖೆ ಏರಿತು ಅಥವಾ ಇಳಿಯಿತು ಎಂಬುದನ್ನಷ್ಟೇ ಚಿತ್ರ ಹೇಳುತ್ತದೆ, ಕಾರಣವನ್ನು ಅದು ಹೇಳುವುದಿಲ್ಲ. ಹೆಸರಿನ ಅರ್ಥವನ್ನೂ, ಅದನ್ನು ಹೊತ್ತವರ ಚರಿತ್ರೆಯನ್ನೂ ಹೇಳುವ ಗೋಜಿಗೆ ಈ ಸೇವೆ ಹೋಗುವುದಿಲ್ಲ. ತನಗೆ ಗೊತ್ತಿರುವುದನ್ನು ಮಾತ್ರ ಹೇಳಿ ಸುಮ್ಮನಾಗುವ ಈ ಗುಣವನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ.

ಉಳಿದದ್ದಕ್ಕೆ ಸ್ಟೋರೆ ನೋರ್ಸ್ಕೆ ಲೆಕ್ಸಿಕೋನ್ ಎಂಬ ವಿಶ್ವಕೋಶವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದು ಅಗತ್ಯ. ಹಿಂದೆ ಮುದ್ರಿತ ಸಂಪುಟಗಳಲ್ಲಿ ಬರುತ್ತಿದ್ದ ಈ ಕೋಶ ಈಗ ಅಂತರಜಾಲದಲ್ಲಿ ಉಚಿತವಾಗಿದೆ. ದೇಶದ ವಿಶ್ವವಿದ್ಯಾಲಯಗಳು ಇದರ ಬೆನ್ನಿಗಿವೆ, ಲೇಖನಗಳಲ್ಲಿ ಬರೆದವರ ಮತ್ತು ಆಯಾ ಕ್ಷೇತ್ರದ ಹೊಣೆ ಹೊತ್ತ ವಿದ್ವಾಂಸರ ಹೆಸರು ಇರುತ್ತದೆ. ಪುಟಗಳು ನಾರ್ವೇಜಿಯನ್ ಭಾಷೆಯಲ್ಲಿರುವುದರಿಂದ ಬ್ರೌಸರಿನ ಅನುವಾದದ ನೆರವು ಬೇಕಾಗುತ್ತದೆ. ಮಕ್ಕಳ ಹೆಸರುಗಳ ಜಾಹೀರಾತು ತುಂಬಿದ ತಾಣಗಳು ಕೊಡುವ ಒಂದೇ ಪದದ ಅರ್ಥಕ್ಕಿಂತ ಈ ಶ್ರಮ ಎಷ್ಟೋ ಮೇಲು.

ಈ ಹೆಸರಿನ ಮೂಲ, ನಾರ್ವೆ ಮತ್ತು ನೆರೆನಾಡುಗಳ ಹಳೆಯ ನುಡಿಯಾದ ಪ್ರಾಚೀನ ನಾರ್ಸ್ ಭಾಷೆಯ ಹಾಕೊನ್. ಎರಡನೆಯ ಭಾಗವಾದ ಕೊನ್ರ್ ಎಂಬುದಕ್ಕೆ ಒಳ್ಳೆಯ ಕುಲದ ಮಗ, ವಂಶಜ ಎಂಬ ಅರ್ಥ. ಮೊದಲ ಭಾಗವನ್ನು ಸಾಮಾನ್ಯವಾಗಿ ಉನ್ನತ ಎಂದು ತಿಳಿಯುತ್ತಾರೆ, ಬೇರೆ ವಿವರಣೆಗಳೂ ಇವೆ. ಸ್ವೀಡನ್ನಿನಲ್ಲಿ ಇದೇ ಹೆಸರು ಹೋಕನ್ ಆಗಿದೆ, ಐಸ್‌ಲ್ಯಾಂಡಿನಲ್ಲಿ ಹಳೆಯ ರೂಪವೇ ಉಳಿದಿದೆ.

ಈ ಹೆಸರಿನ ಮೊದಲ ಪ್ರಸಿದ್ಧ ರಾಜ ಹತ್ತನೆಯ ಶತಮಾನದ ಹೋಕುನ್, ಜನರು ಒಳ್ಳೆಯವನು ಎಂದು ಕರೆದವನು. ಹರಾಲ್ಡ್ ಸುಂದರಕೇಶಿಯ ಮಗನಾದ ಇವನು ಬೆಳೆದದ್ದು ಇಂಗ್ಲೆಂಡಿನ ಅಥೆಲ್‌ಸ್ಟನ್ ರಾಜನ ಆಸ್ಥಾನದಲ್ಲಿ, ಕ್ರೈಸ್ತನಾಗಿ. ತಾಯ್ನಾಡಿಗೆ ಮರಳಿ ರಾಜನಾದ ಮೇಲೆ ಹಳೆಯ ದೇವರುಗಳನ್ನು ಬಿಡಲೊಪ್ಪದ ರೈತರೊಂದಿಗೆ ಹೊಂದಿಕೊಂಡು ಹೋಗಬೇಕಾಯಿತು. ಬಲಿಯ ಕುದುರೆಯ ಯಕೃತ್ತಿನ ಕೆಲವು ತುಣುಕುಗಳನ್ನು ಅವನಿಂದ ತಿನ್ನಿಸಿಯೇ ಟ್ರೊಂಡೆಲಾಗ್ ಪ್ರಾಂತದ ಮುಖಂಡರು ಬಿಟ್ಟರೆಂದು ಐಸ್‌ಲ್ಯಾಂಡಿನ ಚರಿತ್ರಕಾರ ಸ್ನೋರ್ರಿ ಸ್ಟುರ್ಲುಸನ್ ಬರೆದಿದ್ದಾನೆ. ಸುಮಾರು 961ರಲ್ಲಿ ಸ್ಟೂರ್ಡ್ ದ್ವೀಪದ ಫಿಟ್‌ಯಾರ್ ಕದನದಲ್ಲಿ ಗಾಯಗೊಂಡು ಅವನು ತೀರಿಕೊಂಡಾಗ ಆಸ್ಥಾನದ ಕವಿ ಬರೆದ ಶೋಕಗೀತೆಯಲ್ಲಿ ಹಳೆಯ ದೇವರುಗಳೇ ಈ ಕ್ರೈಸ್ತ ರಾಜನನ್ನು ವೀರಸ್ವರ್ಗವಾದ ವಲ್ಹಾಲ್ಲಾಕ್ಕೆ ಬರಮಾಡಿಕೊಳ್ಳುತ್ತಾರೆ. ಅದೇ ಶತಮಾನದ ಕೊನೆಯಲ್ಲಿ ಆಳಿದ ಲಾಡೆ ಎಂಬಲ್ಲಿನ ಹೋಕುನ್ ಯಾರ್ಲ್ (ಯಾರ್ಲ್ ಎಂದರೆ ರಾಜನಿಗಿಂತ ಕೆಳಗಿನ ಸಾಮಂತ ಪದವಿ) ಇದಕ್ಕೆ ವಿರುದ್ಧ ಮನೋಭಾವದವನು, ಹಳೆಯ ಧರ್ಮವನ್ನು ಹಿಡಿದು ಆಳಿದ ಕೊನೆಯ ದೊರೆ.

ನನ್ನ ದೃಷ್ಟಿಯಲ್ಲಿ ಹೆಸರಿಗೆ ನಿಜವಾದ ತೂಕ ಬಂದದ್ದು ಹದಿಮೂರನೆಯ ಶತಮಾನದ ಹೋಕುನ್ ಹೋಕುನ್‌ಸನ್‌ನಿಂದ. ತಂದೆಯ ಹೆಸರೂ ಮಗನ ಹೆಸರೂ ಒಂದೇ ಆದುದಕ್ಕೆ ಕಾರಣವಿದೆ: 1204ರಲ್ಲಿ ತಂದೆ ತೀರಿಕೊಂಡ ಮೇಲೆ ಈ ಮಗು ಹುಟ್ಟಿತು, ತಂದೆಯ ಮರಣಾನಂತರ ಹುಟ್ಟಿದ ಮಗನಿಗೆ ತಂದೆಯ ಹೆಸರನ್ನೇ ಇಡುವುದು ಆ ನಾಡಿನ ಸಂಪ್ರದಾಯವಾಗಿತ್ತು. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗಿಟ್ಟು ಹಿರಿಯರನ್ನು ಮನೆಯಲ್ಲಿ ಉಳಿಸಿಕೊಳ್ಳುವವರಿಗೆ ಈ ಭಾವನೆ ಹೊಸದಲ್ಲ. ಅಂತರ್ಯುದ್ಧದ ಕಾಲ ಅದು. 1206ರ ಚಳಿಗಾಲದಲ್ಲಿ ಎದುರು ಪಕ್ಷದವರ ಕೈಗೆ ಮಗು ಸಿಗಬಾರದೆಂದು ಬಿರ್ಕೆಬೈನರ್ ಪಕ್ಷದ ಇಬ್ಬರು ಯೋಧರು ಸ್ಕೀ ಕಟ್ಟಿಕೊಂಡು, ಮಗುವನ್ನು ಹೊತ್ತು, ಲಿಲ್ಲೆಹಾಮರ್ ಕಡೆಯಿಂದ ಹಿಮದ ಬೆಟ್ಟಗಳನ್ನು ದಾಟಿ ಓಸ್ಟರ್‌ಡಾಲೆನ್ ಕಣಿವೆಗೆ ಸೇರಿಸಿದರು. ಆ ನೆನಪಿಗಾಗಿ 1932ರಿಂದ ನಡೆಯುತ್ತಿರುವ ಬಿರ್ಕೆಬೈನರ್ ಸ್ಕೀ ಓಟದಲ್ಲಿ ಪ್ರತಿಯೊಬ್ಬ ಸ್ಪರ್ಧಿಯೂ ಬೆನ್ನಿಗೆ ಕನಿಷ್ಠ 3.5 ಕಿಲೋ ತೂಕದ ಚೀಲವನ್ನು ಹೊರಬೇಕು. ಅದು ಆ ಮಗುವಿನ ತೂಕದ ಸಂಕೇತ. ಲಿಲ್ಲೆಹಾಮರ್ ಪಟ್ಟಣದ ಲಾಂಛನದಲ್ಲಿ ಇರುವವನೂ ಬಿರ್ಕೆಬೈನರ್ ಸ್ಕೀಗಾರನೇ. ಅದೇ ಪಟ್ಟಣದಲ್ಲಿ 1994ರ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಕ್ರೀಡಾಕೂಟದ ಮ್ಯಾಸ್ಕಾಟ್ ಆಗಿದ್ದ ಇಬ್ಬರು ಮಕ್ಕಳಿಗೆ ಹೋಕುನ್ ಮತ್ತು ಕ್ರಿಸ್ಟಿನ್ ಎಂದು ಹೆಸರಿಟ್ಟರು.

ಆ ಮಗು 1217ರಲ್ಲಿ ರಾಜನಾಗಿ 1263ರವರೆಗೆ ಆಳಿತು. ಐಸ್‌ಲ್ಯಾಂಡ್ ಮತ್ತು ಗ್ರೀನ್‌ಲ್ಯಾಂಡ್ ನಾರ್ವೆಯ ಅಧೀನಕ್ಕೆ ಬಂದದ್ದು ಈ ರಾಜನ ಕಾಲದ ಕೊನೆಯಲ್ಲಿ. ಬೆರ್ಗೆನ್ ಬಂದರಿನ ಬಾಯಲ್ಲಿ ಈತ ಕಟ್ಟಿಸಿದ ಕಲ್ಲಿನ ಸಭಾಂಗಣ ಇಂದಿಗೂ ಹೋಕುನ್ ಸಭಾಂಗಣವೆಂದೇ ಕರೆಯಲ್ಪಡುತ್ತದೆ. 1261ರಲ್ಲಿ ಮಗ ಮಾಗ್ನುಸನ ಮದುವೆಯ ಔತಣ ಅಲ್ಲಿಯೇ ನಡೆಯಿತು. 1944ರ ಏಪ್ರಿಲಿನಲ್ಲಿ ಬಂದರಿನಲ್ಲಿ ಸ್ಫೋಟಕ ತುಂಬಿದ ಹಡಗು ಸಿಡಿದಾಗ ಅದು ತೀವ್ರವಾಗಿ ಹಾಳಾಯಿತು, ಅನಂತರ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು.

ಆರನೆಯ ಹೋಕುನ್ 1380ರಲ್ಲಿ ತೀರಿಕೊಂಡ ಮೇಲೆ ಡೆನ್ಮಾರ್ಕ್ ಮತ್ತು ಸ್ವೀಡನ್ ಜೊತೆಗಿನ ಒಕ್ಕೂಟಗಳಲ್ಲಿ ನಾರ್ವೆ ಐದು ಶತಮಾನಗಳನ್ನು ಕಳೆಯಿತು. 1905ರ ಜೂನ್ 7ರಂದು ಸಂಸತ್ತು ಸ್ವೀಡನ್ನಿನೊಂದಿಗಿನ ಒಕ್ಕೂಟವನ್ನು ಮುರಿದಾಗ ಸಿಂಹಾಸನಕ್ಕೆ ಆರಿಸಿದ್ದು ಡೆನ್ಮಾರ್ಕಿನ ರಾಜಕುಮಾರ ಕಾರ್ಲ್ ಅವರನ್ನು. ಜನರ ಒಪ್ಪಿಗೆಯಿಲ್ಲದೆ ಬರಲಾರೆ ಎಂದು ಅವರು ಪಟ್ಟು ಹಿಡಿದದ್ದರಿಂದ ನವೆಂಬರಿನಲ್ಲಿ ಜನಮತ ಕೇಳಲಾಯಿತು. 2,59,563 ಮತಗಳು ಪರವಾಗಿಯೂ 69,264 ಮತಗಳು ವಿರುದ್ಧವಾಗಿಯೂ ಬಿದ್ದವು. ಹೊಸ ರಾಜ ತಮ್ಮ ಹೆಸರನ್ನು ಏಳನೆಯ ಹೋಕುನ್ ಎಂದು ಬದಲಿಸಿಕೊಂಡರು, ಎರಡು ವರ್ಷದ ಮಗ ಅಲೆಕ್ಸಾಂಡರ್ ಓಲಾವ್ ಆದನು. ಈ ಒಂದು ನಿರ್ಧಾರದಿಂದ 1380ಕ್ಕೆ ಕಡಿದುಹೋಗಿದ್ದ ಎಳೆಯನ್ನು 1905ಕ್ಕೆ ಗಂಟು ಹಾಕಿದಂತಾಯಿತು. ಆರು ವರ್ಷಗಳ ಬಳಿಕ ದಕ್ಷಿಣ ಧ್ರುವವನ್ನು ಮುಟ್ಟಿದ ರೋಆಲ್ ಅಮುಂಡ್‌ಸೆನ್ ಅಲ್ಲಿನ ಪ್ರಸ್ಥಭೂಮಿಗೆ ಇದೇ ರಾಜರ ಹೆಸರನ್ನಿಟ್ಟರು.

ಹೆಸರು ಜನರ ಎದೆಗೆ ಇಳಿದದ್ದು 1940ರಲ್ಲಿ. ಏಪ್ರಿಲ್ 9ರಂದು ಜರ್ಮನ್ ಸೇನೆ ನುಗ್ಗಿತು. ಜರ್ಮನ್ನರ ಪರವಾಗಿದ್ದ ನಾರ್ವೆಯ ರಾಜಕಾರಣಿ ಕ್ವಿಸ್ಲಿಂಗನನ್ನು ಪ್ರಧಾನಿಯಾಗಿ ನೇಮಿಸಬೇಕೆಂಬ ಬೇಡಿಕೆ ಮರುದಿನ ಬಂದಾಗ, ಅದನ್ನು ತಾವು ಮಾಡಲಾರೆವು, ಸರ್ಕಾರ ಒಪ್ಪುವುದಾದರೆ ಪಟ್ಟವನ್ನೇ ತ್ಯಜಿಸುವೆವು ಎಂದು ರಾಜರು ಮಂತ್ರಿಗಳಿಗೆ ತಿಳಿಸಿದರು. ಜೂನ್ 7ರಂದು ಟ್ರೊಮ್ಸೋ ಬಂದರಿನಿಂದ ಬ್ರಿಟಿಷ್ ಯುದ್ಧನೌಕೆಯಲ್ಲಿ ಲಂಡನ್ನಿಗೆ ಹೊರಟು, ಸರಿಯಾಗಿ ಐದು ವರ್ಷಗಳ ಮೇಲೆ, 1945ರ ಜೂನ್ 7ರಂದು ಮರಳಿದರು. ಆಕ್ರಮಣದ ಆ ವರ್ಷಗಳಲ್ಲಿ ಎಚ್ ಅಕ್ಷರದೊಳಗೆ 7ನ್ನು ಸೇರಿಸಿದ ಅವರ ಮುದ್ರೆಯನ್ನು ಜನರು ಗೋಡೆಗಳ ಮೇಲೆ ಬಳಿದರು, ಹಿಮದ ಮೇಲೆ ಗೀಚಿದರು. ಒಂದು ಹೆಸರಿನ ಮೊದಲಕ್ಷರವೇ ಪ್ರತಿಭಟನೆಯಾದ ಈ ಪ್ರಸಂಗವನ್ನು ತಿಳಿಯದೆ ರೇಖಾಚಿತ್ರವನ್ನು ನೋಡಿದವರಿಗೆ ಅದರ ಅರ್ಧ ಸ್ವಾರಸ್ಯ ತಪ್ಪಿಹೋಗುತ್ತದೆ. ರಾಜರು 1957ರಲ್ಲಿ ನಿಧನರಾದರು. ಅವರ ಮರಿಮಗ, ಯುವರಾಜ ಹೋಕುನ್, 1973ರ ಜುಲೈ 20ರಂದು ಹುಟ್ಟಿದವರು.

ರಾಜಮನೆತನದ ಹೊರಗಿನ ಹೋಕುನ್‌ಗಳಲ್ಲಿ ಕೆಲವರನ್ನು ಮಾತ್ರ ಹೆಸರಿಸುತ್ತೇನೆ. ಲೇಬರ್ ಪಕ್ಷದ ಕಾರ್ಯದರ್ಶಿಯಾಗಿ 1945ರಿಂದ 1969ರವರೆಗೆ ಪಕ್ಷವನ್ನು ಬಿಗಿಯಾಗಿ ನಡೆಸಿದ ಹೋಕುನ್ ಲೀ 103 ವರ್ಷ ಬಾಳಿದರು. ಹೋಕುನ್ ಬ್ರುಸ್ವೇನ್ 1960ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 15 ಕಿಲೋಮೀಟರ್ ಸ್ಕೀ ಓಟದ ಚಿನ್ನ ಗೆದ್ದರು. ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ವೆಬ್ ಪುಟಗಳನ್ನು ಕಟ್ಟುವವರು ದಿನವೂ ಋಣಿಯಾಗಿರಬೇಕಾದ ಹೋಕುನ್ ಒಬ್ಬರಿದ್ದಾರೆ: ಹೋಕುನ್ ವಿಯುಮ್ ಲೀ. ಪುಟದ ವಿಷಯವನ್ನೂ ಅದರ ರೂಪವನ್ನೂ ಬೇರ್ಪಡಿಸುವ ಸಿಎಸ್‌ಎಸ್ ಎಂಬ ವಿಧಾನವನ್ನು ಅವರು 1994ರ ಅಕ್ಟೋಬರಿನಲ್ಲಿ, ಸೆರ್ನ್ ಸಂಶೋಧನಾ ಕೇಂದ್ರದಲ್ಲಿದ್ದಾಗ ಮುಂದಿಟ್ಟರು. ಅಕ್ಷರದ ಬಣ್ಣ, ಅಳತೆ, ಅಂಚಿನ ಜಾಗ ಇವನ್ನೆಲ್ಲ ಒಂದೆಡೆ ಬರೆದಿಟ್ಟರೆ ಸಾಕು, ಅದು ಎಲ್ಲ ಪುಟಗಳಿಗೂ ಅನ್ವಯವಾಗುತ್ತದೆ ಎಂಬ ಸರಳ ವಿಚಾರವಿಲ್ಲದೆ ಇಂದಿನ ಜಾಲತಾಣಗಳನ್ನು ಊಹಿಸಲಾಗದು. ಮುಂದೆ ಅವರು ಬ್ರೌಸರ್ ತಯಾರಿಸುವ ಒಪೆರಾ ಕಂಪನಿಯ ಮುಖ್ಯ ತಂತ್ರಜ್ಞರಾಗಿದ್ದರು.

ನಾರ್ವೆಯಲ್ಲಿ ನೆಲೆಸಿರುವ ಕನ್ನಡಿಗ ದಂಪತಿಗಳಿಗೆ ಈ ಹುಡುಕಾಟ ಕೇವಲ ಕುತೂಹಲದ ವಿಷಯವಲ್ಲ. ಅಲ್ಲಿ ಮಗು ಹುಟ್ಟಿದ ಆರು ತಿಂಗಳೊಳಗೆ ಹೆಸರನ್ನು ತಿಳಿಸಬೇಕು, 2003ರಿಂದ ಜಾರಿಯಲ್ಲಿರುವ ಕಾನೂನಿನಂತೆ ಮಗುವಿಗೆ ಗಣನೀಯ ತೊಂದರೆ ತರುವಂಥ ಹೆಸರಿಗೆ ಒಪ್ಪಿಗೆ ಸಿಗುವುದಿಲ್ಲ. ಮನಸ್ಸಿನಲ್ಲಿರುವ ಹೆಸರು ಆ ಸಮಾಜದಲ್ಲಿ ಈಗಾಗಲೇ ಓಡಾಡುತ್ತಿದೆಯೇ, ಗಂಡಿಗೆ ಬಳಕೆಯೋ ಹೆಣ್ಣಿಗೋ ಎಂಬುದನ್ನು ನೋಡಿಕೊಳ್ಳಲು ಇದು ಸುಲಭದ ದಾರಿ. ಮನೆತನದ ಹೆಸರನ್ನು ಹುಡುಕುವಾಗ ಮಾತ್ರ ಒಂದು ಚಾರಿತ್ರಿಕ ಸಂಗತಿಯನ್ನು ಗಮನದಲ್ಲಿಡಬೇಕು: ಎಲ್ಲರಿಗೂ ಸ್ಥಿರವಾದ ಕುಟುಂಬನಾಮ ಇರಬೇಕೆಂಬ ನಿಯಮ ಅಲ್ಲಿ ಬಂದದ್ದು 1923ರ ಕಾನೂನಿನಿಂದ. ಅದಕ್ಕೂ ಮೊದಲು ಹೋಕುನ್‌ನ ಮಗ ಎಂಬಂತೆ ತಂದೆಯ ಹೆಸರೋ, ವಾಸದ ಹೊಲಮನೆಯ ಹೆಸರೋ ಜೊತೆಗಿರುತ್ತಿತ್ತು, ವಾಸ ಬದಲಾದರೆ ಹೆಸರೂ ಬದಲಾಗುತ್ತಿತ್ತು. ಹಾಗಾಗಿ ಕುಟುಂಬನಾಮದ ಎಣಿಕೆಯನ್ನು ಹಿಡಿದು ವಂಶವೃಕ್ಷ ಕಟ್ಟಲು ಹೊರಟರೆ ದಾರಿ ತಪ್ಪುವುದು ಖಂಡಿತ. ಅದಕ್ಕೆ ಚರ್ಚಿನ ಜನನ ದಾಖಲೆಗಳನ್ನೂ ಹಳೆಯ ಜನಗಣತಿಗಳನ್ನೂ ಉಚಿತವಾಗಿ ತೆರೆದಿಟ್ಟಿರುವ ನಾರ್ವೆಯ ರಾಷ್ಟ್ರೀಯ ಪತ್ರಾಗಾರದ ಡಿಜಿಟಲ್ ವಿಭಾಗಕ್ಕೆ ಹೋಗಬೇಕು.