ಸಿಸ್ಟಮ್‌ಡಿ: ಮಷೀನ್ ಎದ್ದಾಗ ಆ್ಯಪ್ ಕೂಡ ಏಳಬೇಕಾದರೆ

ಸರ್ವರ್‌ಗೆ ಆ್ಯಪ್ ಹಾಕಿ, ಟರ್ಮಿನಲ್‌ನಲ್ಲಿ ಕೈಯಾರೆ ಓಡಿಸಿ, ಬ್ರೌಸರ್‌ನಲ್ಲಿ ಪುಟ ಕಾಣಿಸಿದರೆ ಅರ್ಧ ಕೆಲಸ ಮಾತ್ರ ಮುಗಿದಿರುತ್ತದೆ. ಉಳಿದರ್ಧ ಗೊತ್ತಾಗುವುದು ಮುಂದಿನ ರೀಬೂಟ್‌ನಲ್ಲಿ. ಕರ್ನಲ್ ಅಪ್‌ಡೇಟ್ ಆಗಿಯೋ ಕರೆಂಟ್ ಹೋಗಿಯೋ ಮಷೀನ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಆಗ ಲಾಗಿನ್ ಆಗಿ ಕಮಾಂಡ್ ಕೊಡಲು ಯಾರೂ ಇರುವುದಿಲ್ಲ. ಆ ಹೊತ್ತಿನಲ್ಲಿ ಆ್ಯಪ್ ಎಬ್ಬಿಸುವ ಕೆಲಸ ಯಾರದು? ಈಗಿನ ಹೆಚ್ಚಿನ ಲಿನಕ್ಸ್‌ಗಳಲ್ಲಿ ಅದು ಸಿಸ್ಟಮ್‌ಡಿಯದು, ಅಂದರೆ ಮಷೀನ್ ಎದ್ದಾಗ ಉಳಿದ ಪ್ರೋಗ್ರಾಮ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಪ್ರೋಗ್ರಾಮ್‌ನದು.

ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ದಿನ ಬೆಳಗಾದರೆ ಇದರ ಜೊತೆಗೇ ಇರುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ಬಳಸಿಲ್ಲ. ಆದರೆ ಬಂದ ಸೆಟ್ಟಿಂಗ್‌ನಲ್ಲೇ ಬಿಟ್ಟರೆ, ಎಲ್ಲಕ್ಕಿಂತ ಬೇಕಾದ ಹೊತ್ತಲ್ಲೇ, ಅಂದರೆ ಬೂಟ್ ಆಗುವಾಗಲೇ, ಅದು ಕೈ ಕೊಡಬಹುದು.

ಹಿನ್ನೆಲೆ ಜಾಸ್ತಿ ಬೇಕಿಲ್ಲ. 2010ರಲ್ಲಿ ಲೆನಾರ್ಟ್ ಪಾಟರಿಂಗ್ ಮತ್ತು ಕೇ ಸೀವರ್ಸ್ ಇದನ್ನು ಶುರು ಮಾಡಿದರು. 2011ರಲ್ಲಿ ಫೆಡೋರಾ 15, ಆಮೇಲೆ 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04 ಅನ್ನುವ ಲಿನಕ್ಸ್‌ಗಳು ಇದನ್ನೇ ಮೂಲ ವ್ಯವಸ್ಥೆಯಾಗಿ ತೆಗೆದುಕೊಂಡವು. ಅದಕ್ಕೂ ಮುಂಚೆ ಪ್ರತಿ ಸರ್ವಿಸ್‌ಗೂ, ಅಂದರೆ ಹಿಂದೆ ಸದಾ ಓಡುತ್ತಿರಬೇಕಾದ ಪ್ರೋಗ್ರಾಮ್‌ಗೂ, ಒಂದೊಂದು ಶೆಲ್ ಸ್ಕ್ರಿಪ್ಟ್ ಬರೆಯಬೇಕಿತ್ತು. ಸ್ಟಾರ್ಟ್, ಸ್ಟಾಪ್, ಸ್ಟೇಟಸ್ ಎಲ್ಲವನ್ನೂ ನಾವೇ ಬರೆದು, ಪ್ರೊಸೆಸ್ ನಂಬರನ್ನು ಒಂದು ಫೈಲಿನಲ್ಲಿ ಇಟ್ಟುಕೊಂಡು, ಅದು ಹಳೆಯದಾಗಿದೆಯೋ ಏನೋ ಅಂತ ಪರದಾಡುವ ಕಾಲ ಅದು.

ಈಗ ಹತ್ತು ಹನ್ನೆರಡು ಸಾಲಿನ ಒಂದು ಯೂನಿಟ್ ಫೈಲ್ ಸಾಕು. ಆ್ಯಪನ್ನು ಹೇಗೆ ಎಬ್ಬಿಸಬೇಕು ಅಂತ ಸಿಸ್ಟಮ್‌ಡಿಗೆ ಹೇಳುವ ಫೈಲ್ ಅದು. ಇಟಿಸಿ ಒಳಗೆ ಸಿಸ್ಟಮ್‌ಡಿ, ಅದರೊಳಗೆ ಸಿಸ್ಟಮ್ ಅನ್ನುವ ಫೋಲ್ಡರ್ ಇದೆ. ಫೈಲನ್ನು ಅಲ್ಲಿಡಬೇಕು. ಅದರಲ್ಲಿ ಮೂರು ಭಾಗ. ಯೂನಿಟ್ ಭಾಗದಲ್ಲಿ ವಿವರಣೆ ಮತ್ತು ಯಾವುದರ ನಂತರ ಏಳಬೇಕು ಅನ್ನುವುದು. ಸರ್ವಿಸ್ ಭಾಗದಲ್ಲಿ ಯಾವ ಕಮಾಂಡ್, ಯಾವ ಯೂಸರ್, ಯಾವ ಫೋಲ್ಡರ್. ಇನ್‌ಸ್ಟಾಲ್ ಭಾಗದಲ್ಲಿ ‘ವಾಂಟೆಡ್‌ಬೈ’ ಎದುರು ಮಲ್ಟಿ-ಯೂಸರ್ ಟಾರ್ಗೆಟ್ (ಟಾರ್ಗೆಟ್ ಅಂದರೆ ಬೂಟ್‌ನಲ್ಲಿ ತಲುಪುವ ಒಂದು ಹಂತ). ಈ ಕೊನೆಯ ಸಾಲು ಬಿಟ್ಟುಹೋದರೆ ಬೂಟ್‌ನಲ್ಲಿ ಏಳಿಸು ಅಂತ ಸಿಸ್ಟಮ್‌ಸಿಟಿಎಲ್ ಕಮಾಂಡಿಗೆ ಎನೇಬಲ್ ಕೊಟ್ಟರೂ ಏನೂ ಆಗುವುದಿಲ್ಲ. ಎನೇಬಲ್ ಅಂದರೆ ಆ ಟಾರ್ಗೆಟ್‌ನ ಫೋಲ್ಡರಿನಲ್ಲಿ ನಿಮ್ಮ ಫೈಲಿಗೆ ಒಂದು ಲಿಂಕ್ ಹಾಕುವುದು, ಅಷ್ಟೇ. ಯಾವ ಲಿಂಕ್ ಹಾಕಬೇಕು ಅಂತ ಹೇಳುವುದೇ ಆ ಸಾಲು.

ಇಲ್ಲಿ ಹೊಸಬರು ಮೊದಲು ಎಡವುತ್ತಾರೆ. ಎನೇಬಲ್ ಬೇರೆ, ಸ್ಟಾರ್ಟ್ ಬೇರೆ. ಸ್ಟಾರ್ಟ್ ಕೊಟ್ಟರೆ ಈಗ ಓಡುತ್ತದೆ, ರೀಬೂಟ್ ಆದಮೇಲೆ ಇರುವುದಿಲ್ಲ. ಎನೇಬಲ್ ಕೊಟ್ಟರೆ ಮುಂದಿನ ಬೂಟ್‌ಗೆ ಏಳುತ್ತದೆ, ಈಗ ಓಡುವುದಿಲ್ಲ. ಎನೇಬಲ್ ಜೊತೆಗೆ ‘ನೌ’ ಆಯ್ಕೆ ಸೇರಿಸಿದರೆ ಎರಡೂ ಒಟ್ಟಿಗೆ ಆಗುತ್ತದೆ. ನಾನು ಯಾವಾಗಲೂ ಹಾಗೇ ಮಾಡುವುದು.

ನನಗೆ ತುಂಬಾ ಇಷ್ಟವಾಗುವ ಗುಣ ಅಂದರೆ, ಕೆಟ್ಟಾಗ ಏಕೆ ಕೆಟ್ಟಿತು ಅಂತ ಇದು ಹೇಳುತ್ತದೆ. ಸ್ಟೇಟಸ್ ಕೇಳಿದರೆ ಕೋಡ್ ಸಮೇತ ಬರುತ್ತದೆ. 203 ಬಂದರೆ ಆ ಪ್ರೋಗ್ರಾಮ್ ಓಡಿಸಲು ಆಗಲಿಲ್ಲ: ಪಾತ್ ತಪ್ಪಿರಬಹುದು, ಇಲ್ಲವೇ ಎಕ್ಸಿಕ್ಯೂಟ್ ಪರ್ಮಿಶನ್ ಇಲ್ಲ. 200 ಅಂದರೆ ಹೇಳಿದ ಫೋಲ್ಡರಿಗೆ ಹೋಗಲು ಆಗಲಿಲ್ಲ. 217 ಅಂದರೆ ಯೂಸರ್‌ನ ಸಮಸ್ಯೆ, ಹೆಚ್ಚಾಗಿ ಆ ಹೆಸರಿನ ಯೂಸರೇ ಇರುವುದಿಲ್ಲ. ಈ ಮೂರು ಸಂಖ್ಯೆ ನೆನಪಿದ್ದರೆ ಮೊದಲ ಸಲದ ತಪ್ಪುಗಳಲ್ಲಿ ಬಹುಪಾಲು ಅಲ್ಲೇ ಸಿಗುತ್ತವೆ.

‘ಟರ್ಮಿನಲ್‌ನಲ್ಲಿ ಓಡುತ್ತೆ, ಬೂಟ್‌ನಲ್ಲಿ ಓಡಲ್ಲ’ ಅನ್ನುವ ದೂರು ನನ್ನ ಹತ್ತಿರ ಪದೇ ಪದೇ ಬರುತ್ತದೆ. ಕಾರಣ ಹೆಚ್ಚು ಕಡಿಮೆ ಒಂದೇ. ಬೂಟ್‌ನಲ್ಲಿ ಟರ್ಮಿನಲ್ ತೆರೆದಾಗ ಓದುವ ನಿಮ್ಮ ಬ್ಯಾಷ್‌ಆರ್‌ಸಿ ಸೆಟ್ಟಿಂಗ್ ಫೈಲನ್ನು ಯಾರೂ ಓದುವುದಿಲ್ಲ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಅನ್ನು ಎನ್‌ವಿಎಂ ಅನ್ನುವ ಸಾಧನದ ಮೂಲಕ ಹಾಕಿಕೊಂಡಿದ್ದರೆ ಅದು ನಿಮ್ಮ ಹೋಮ್ ಫೋಲ್ಡರಿನ ಒಳಗೆಲ್ಲೋ ಇರುತ್ತದೆ, ಸಿಸ್ಟಮ್‌ಡಿಗೆ ಅದರ ಸುಳಿವೇ ಇರುವುದಿಲ್ಲ. ಪೂರ್ತಿ ಪಾತ್ ಕೊಡಿ. ಪಾಸ್‌ವರ್ಡ್, ಪೋರ್ಟ್ ಮುಂತಾದವನ್ನು ಬೇರೆ ಫೈಲಿನಲ್ಲಿಟ್ಟು ‘ಎನ್ವಿರಾನ್‌ಮೆಂಟ್‌ಫೈಲ್’ ಸಾಲಿನಿಂದ ತೋರಿಸಿ. ಯೂಸರ್ ಹೇಳದಿದ್ದರೆ ಆ್ಯಪ್ ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಯೂಸರ್ ಆಗಿ ಓಡುತ್ತದೆ, ದಯವಿಟ್ಟು ಹಾಗೆ ಬಿಡಬೇಡಿ. ಇನ್ನೊಂದು, ಕಮಾಂಡ್ ಬರೆಯುವ ಸಾಲು ಶೆಲ್ ಅಲ್ಲ. ಪೈಪ್, ಎರಡು ಕಮಾಂಡ್ ಜೋಡಿಸುವ ಗುರುತು ಇವೆಲ್ಲ ಅಲ್ಲಿ ನಡೆಯುವುದಿಲ್ಲ.

ಕೊನೆಗೆ ಆ್ಯಂಪರ್‌ಸ್ಯಾಂಡ್ ಹಾಕಿ ಬ್ಯಾಕ್‌ಗ್ರೌಂಡ್‌ಗೆ ಕಳಿಸುವ ಅಭ್ಯಾಸವೂ ಇಲ್ಲಿ ಬೇಡ. ನೀವು ಕೊಟ್ಟ ಸ್ಕ್ರಿಪ್ಟ್ ಮುಗಿದ ತಕ್ಷಣ ಸರ್ವಿಸ್ ಮುಗಿಯಿತು ಅಂತ ಸಿಸ್ಟಮ್‌ಡಿ ತಿಳಿದು, ಹಿಂದೆ ಉಳಿದವನ್ನೂ ನಿಲ್ಲಿಸಿಬಿಡುತ್ತದೆ. ಆ್ಯಪ್ ಮುಂದೆಯೇ ನಿಂತು ಓಡಲಿ.

ಈಗ ನಾನು ಮೊದಲೇ ಹೇಳಿದ ಕೊರತೆಗೆ ಬರುತ್ತೇನೆ. ಬಿದ್ದರೆ ಮತ್ತೆ ಎಬ್ಬಿಸು ಅಂತ ‘ರಿಸ್ಟಾರ್ಟ್’ ಎದುರು ‘ಆನ್-ಫೇಲ್ಯೂರ್’ ಬರೆಯುತ್ತೀರಿ. ಸರಿ. ಆದರೆ ಎಷ್ಟು ಹೊತ್ತು ಬಿಟ್ಟು ಎಬ್ಬಿಸಬೇಕು ಅನ್ನುವುದಕ್ಕೆ ಅದು ಇಟ್ಟುಕೊಂಡಿರುವುದು 100 ಮಿಲಿಸೆಕೆಂಡ್. ಜೊತೆಗೆ ಇನ್ನೊಂದು ಮಿತಿ ಇದೆ: 10 ಸೆಕೆಂಡಿನಲ್ಲಿ 5 ಸಲ ಎಬ್ಬಿಸಿಯೂ ಎದ್ದು ನಿಲ್ಲದಿದ್ದರೆ ಕೈ ಬಿಡುತ್ತದೆ. ಈಗ ಬೂಟ್ ಆಗುವ ಹೊತ್ತನ್ನು ನೆನೆಸಿಕೊಳ್ಳಿ. ಡೇಟಾಬೇಸ್ ಇನ್ನೊಂದು ಮಷೀನಿನಲ್ಲಿದೆ, ಅದೂ ಈಗಷ್ಟೇ ಏಳುತ್ತಿದೆ. ನಿಮ್ಮ ಆ್ಯಪ್ ಎದ್ದಿತು, ಡೇಟಾಬೇಸ್ ಸಿಗಲಿಲ್ಲ, ಬಿತ್ತು. ಮತ್ತೆ ಎದ್ದಿತು, ಬಿತ್ತು. ಐದೂ ಅವಕಾಶ ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ಅರ್ಧ ನಿಮಿಷದಲ್ಲಿ ಡೇಟಾಬೇಸ್ ಸಿದ್ಧವಾಗುತ್ತದೆ, ಆದರೆ ನಿಮ್ಮ ಆ್ಯಪನ್ನು ಮತ್ತೆ ಕೇಳುವವರಿಲ್ಲ. ಬೆಳಿಗ್ಗೆ ಯಾರಾದರೂ ಬಂದು ಸ್ಟಾರ್ಟ್ ಕೊಡುವವರೆಗೂ ಅದು ಹಾಗೇ ಬಿದ್ದಿರುತ್ತದೆ.

ಪರಿಹಾರ ಒಂದೇ ಸಾಲು. ‘ರಿಸ್ಟಾರ್ಟ್‌ಸೆಕ್’ ಎದುರು 5 ಅಂತ ಬರೆಯಿರಿ. ಐದೈದು ಸೆಕೆಂಡಿಗೆ ಒಂದು ಪ್ರಯತ್ನ ಆದರೆ ಆ ಮಿತಿ ಯಾವತ್ತೂ ಮುಟ್ಟುವುದಿಲ್ಲ, ಡೇಟಾಬೇಸ್ ಬರುವವರೆಗೂ ಅದು ಪ್ರಯತ್ನಿಸುತ್ತಲೇ ಇರುತ್ತದೆ. ಈ ಸಾಲಿಲ್ಲದ ಯೂನಿಟ್ ಫೈಲನ್ನು ನಾನು ಸರ್ವರ್‌ಗೆ ಬಿಡುವುದಿಲ್ಲ. ಇದೇ ಮೂಲ ಸೆಟ್ಟಿಂಗ್ ಆಗಿರಬೇಕಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಎರಡನೆಯ ಕೊರತೆ ನೆಟ್‌ವರ್ಕ್‌ನದು. ‘ಆಫ್ಟರ್’ ಎದುರು ನೆಟ್‌ವರ್ಕ್ ಟಾರ್ಗೆಟ್ ಅಂತ ಬರೆದರೆ ನೆಟ್‌ವರ್ಕ್ ಬಂದಮೇಲೆ ಏಳುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಹಾಗಲ್ಲ. ಐಪಿ ಅಡ್ರೆಸ್ ಸಿಕ್ಕಿದೆ ಅನ್ನುವ ಭರವಸೆಯನ್ನು ಅದು ಕೊಡುವುದಿಲ್ಲ. ಬೇಕಾದದ್ದು ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್. ಅದನ್ನೂ ‘ಆಫ್ಟರ್’ ಮತ್ತು ‘ವಾಂಟ್ಸ್’ ಎರಡರಲ್ಲೂ ಬರೆಯಬೇಕು. ಆಫ್ಟರ್ ಬರೀ ಸರದಿ ಹೇಳುತ್ತದೆ, ಕರೆದುಕೊಂಡು ಬರುವುದು ವಾಂಟ್ಸ್.

ಅದೇ ಮಷೀನಿನ ಸರ್ವಿಸ್‌ಗಳಲ್ಲೂ ಒಂದು ಸೂಕ್ಷ್ಮ ಇದೆ. ಟೈಪ್ ‘ಸಿಂಪಲ್’ ಇದ್ದಾಗ ಪ್ರೊಸೆಸ್ ಹುಟ್ಟಿದ ಕೂಡಲೇ ಸ್ಟಾರ್ಟ್ ಆಯಿತು ಅಂತ ಲೆಕ್ಕ. ಬಾಗಿಲು ತೆಗೆದ ಮಾತ್ರಕ್ಕೆ ಅಂಗಡಿಯಲ್ಲಿ ವ್ಯಾಪಾರ ಶುರುವಾಗುವುದಿಲ್ಲವಲ್ಲ, ಹಾಗೆ. ಆ್ಯಪ್ ತಾನೇ ‘ಸಿದ್ಧ’ ಅಂತ ಸುದ್ದಿ ಕಳಿಸುವಂತೆ ಬರೆದಿದ್ದರೆ ಟೈಪ್ ‘ನೋಟಿಫೈ’ ಇಡಬಹುದು. ಆಗ ಮುಂದಿನ ಸರ್ವಿಸ್ ನಿಜವಾಗಿ ಕಾಯುತ್ತದೆ. ಕೋಡ್ ನಿಮ್ಮದೇ ಆಗಿದ್ದರೆ ಇದನ್ನು ಖಂಡಿತ ಮಾಡಿ.

ಲಾಗ್ ವಿಷಯದಲ್ಲಿ ಖುಷಿಯೂ ಇದೆ, ಬೇಸರವೂ ಇದೆ. ಆ್ಯಪ್ ಸ್ಕ್ರೀನಿಗೆ ಬರೆದದ್ದೆಲ್ಲ ಸಿಸ್ಟಮ್‌ಡಿಯ ಲಾಗ್ ಆದ ಜರ್ನಲ್‌ಗೆ ಹೋಗುತ್ತದೆ, ಜರ್ನಲ್‌ಸಿಟಿಎಲ್ ಕಮಾಂಡಿಗೆ ಯೂನಿಟ್ ಹೆಸರು ಕೊಟ್ಟು ಓದಬಹುದು. ಮೈನಸ್ ಬಿ, ಮೈನಸ್ ಒಂದು ಅಂತ ಕೊಟ್ಟರೆ ಹಿಂದಿನ ಬೂಟ್‌ನ ಕಥೆ ಸಿಗುತ್ತದೆ. ಆದರೆ ಸೆಟ್ಟಿಂಗ್ ‘ಆಟೋ’ದಲ್ಲಿದ್ದು, ವಾರ್ ಒಳಗಿನ ಲಾಗ್ ಫೋಲ್ಡರಿನಲ್ಲಿ ಜರ್ನಲ್ ಅನ್ನುವ ಫೋಲ್ಡರ್ ಇಲ್ಲದಿದ್ದರೆ ಎಲ್ಲವೂ ಮೆಮೊರಿಯಲ್ಲೇ ಇರುತ್ತದೆ, ರೀಬೂಟ್‌ಗೆ ಅಳಿಸಿಹೋಗುತ್ತದೆ. ಹೊಸ ಸರ್ವರ್ ಸಿಕ್ಕಾಗ ಆ ಫೋಲ್ಡರ್ ಇದೆಯಾ ಅಂತ ಮೊದಲು ನೋಡಿ.

ಬೇರೆ ದಾರಿಗಳೂ ಇವೆ. ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ನಲ್ಲಿ ರೀಬೂಟ್ ಅಂತ ಒಂದು ಸಾಲು ಹಾಕಬಹುದು. ಅದು ಒಂದು ಸಲ ಎಬ್ಬಿಸುತ್ತದೆ, ಬಿದ್ದರೆ ತಿರುಗಿ ನೋಡುವುದಿಲ್ಲ. ಆ್ಯಪ್‌ಗಳನ್ನು ಓಡಿಸಿ ಕಾಯುವ ಪಿಎಂ2 ನೋಡ್ ಜೆಎಸ್ ಬಳಸುವವರಿಗೆ ಚೆನ್ನಾಗಿದೆ, ಆದರೆ ಬೂಟ್‌ನಲ್ಲಿ ಏಳಲು ಅದೂ ಸಿಸ್ಟಮ್‌ಡಿಗೇ ಯೂನಿಟ್ ಬರೆದುಕೊಡುತ್ತದೆ. ಆ್ಯಪನ್ನು ಕಂಟೇನರ್ ಒಳಗಿಟ್ಟು ಓಡಿಸುವ ಡಾಕರ್‌ನ ರಿಸ್ಟಾರ್ಟ್ ಪಾಲಿಸಿಯೂ ಒಳ್ಳೆಯದೇ, ಆದರೆ ಡಾಕರ್ ಅನ್ನು ಎಬ್ಬಿಸುವುದು ಮತ್ತೆ ಇದೇ. ಉಬುಂಟು, ಡೆಬಿಯನ್‌ನಲ್ಲಿ ಡಾಕರ್ ಹಾಕಿದ ಕೂಡಲೇ ಎನೇಬಲ್ ಆಗಿರುತ್ತದೆ. ಬೇರೆ ಕಡೆ ಒಮ್ಮೆ ನೀವೇ ಕೊಡಬೇಕಾಗಬಹುದು.

ಸಿಸ್ಟಮ್‌ಡಿ ತುಂಬಾ ದೊಡ್ಡದಾಗಿ ಬೆಳೆದಿದೆ, ಎಲ್ಲದಕ್ಕೂ ಕೈ ಹಾಕುತ್ತದೆ ಅನ್ನುವವರಿದ್ದಾರೆ. ಅದಕ್ಕೆಂದೇ ಡೆಬಿಯನ್‌ನಿಂದ ಬೇರೆಯಾಗಿ ಡೆವುವಾನ್ ಹುಟ್ಟಿತು. ಆ ಮಾತಿನಲ್ಲಿ ಅರ್ಥವಿದೆ. ಕೈಪಿಡಿ ಪುಟಗಳೂ ಚದುರಿಹೋಗಿವೆ, ಒಂದು ಆಯ್ಕೆಯ ವಿವರ ಹುಡುಕಲು ಮೂರು ನಾಲ್ಕು ಕಡೆ ಅಲೆಯಬೇಕು. ಆದರೂ ಒಂದು ಸರ್ವರ್ ಆ್ಯಪ್ ಎಬ್ಬಿಸಿ ಕಾಯುವ ಈ ಕೆಲಸಕ್ಕೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದನ್ನು ಕಳೆದದ್ದು ಆ 100 ಮಿಲಿಸೆಕೆಂಡಿಗೆ.

ಫೈಲ್ ಬರೆದ ಮೇಲೆ ಯೂನಿಟ್ ಫೈಲ್‌ಗಳನ್ನು ಮತ್ತೆ ಓದಿಸುವ ಡೀಮನ್-ರಿಲೋಡ್ ಕೊಡಿ, ಎನೇಬಲ್ ಕೊಡಿ, ಆಮೇಲೆ ಮಷೀನನ್ನು ನಿಜವಾಗಿಯೂ ರೀಬೂಟ್ ಮಾಡಿ. ಬರೀ ಸರ್ವಿಸ್ ರಿಸ್ಟಾರ್ಟ್ ಮಾಡಿ ನೋಡಿದರೆ ಸಾಲದು, ಆ ಹೊತ್ತಿಗೆ ನೆಟ್‌ವರ್ಕ್, ಡಿಸ್ಕ್, ಡೇಟಾಬೇಸ್ ಎಲ್ಲವೂ ಸಿದ್ಧವಾಗಿರುತ್ತವೆ. ಬೂಟ್ ಆದಮೇಲೆ ಸಿಸ್ಟಮ್‌ಸಿಟಿಎಲ್‌ಗೆ ‘ಫೇಲ್ಡ್’ ಆಯ್ಕೆ ಕೊಟ್ಟು ಯಾವುದಾದರೂ ಬಿದ್ದಿದೆಯಾ ನೋಡಿ. ಡೇಟಾಬೇಸ್ ಬೇರೆ ಮಷೀನಿನಲ್ಲಿದ್ದರೆ ಅದನ್ನು ಆಫ್ ಮಾಡಿಟ್ಟು ಇನ್ನೊಮ್ಮೆ ರೀಬೂಟ್ ಮಾಡಿ, ಒಂದು ನಿಮಿಷ ಬಿಟ್ಟು ಡೇಟಾಬೇಸ್ ಆನ್ ಮಾಡಿ. ಆ್ಯಪ್ ತಾನಾಗಿ ಎದ್ದರೆ ಫೈಲ್ ಸರಿಯಾಗಿದೆ.